ಮೂಗು ಮುಂದ

ನಮ್ಮ ಸಂಘದ ಕಾರ್ಯದರ್ಶಿಗಳು "ಪತ್ರಿಕೆಗೆ ಏನಾದರೂ ಬರೀ" ಎಂದು ಗಂಟುಬಿದ್ದು ಒಂದು ತಿಂಗಳಾಯಿತು. ಕವಿತೆ ಬರೆಯೋಣವೆಂದರೆ ನನಗೆ ಪ್ರಾಸ ಸಿಕ್ಕುವುದಿಲ್ಲ. ಪ್ರೇಮಕಥೆ ಬರೆಯೋಣವೆಂದರೆ ನಾನು ಪ್ರೀತಿಸಿದ ಹುಡುಗಿಗೆ ಆ ವಿಷಯ ಇನ್ನೂ ಗೊತ್ತಿಲ್ಲ. ಉಳಿದದ್ದು ನಾನು ಕಣ್ಣಾರೆ ಕಂಡದ್ದು ಮತ್ತು ಕೈಯಾರೆ ಕೆಡಿಸಿದ್ದು. ಅದನ್ನೇ ಬರೆಯುತ್ತೇನೆ. ಇದು ಒಂದು ಟ್ರೇಲರಿನ ಕಥೆ. ಟ್ರೇಲರ್ ಎಂದರೆ ಸಿನಿಮಾ ಬರುವ ಮುಂಚೆ ತೋರಿಸುತ್ತಾರಲ್ಲ, ಅದಲ್ಲ. ಬೆನ್ನ ಮೇಲೆ ಕಾರು ಹೊತ್ತುಕೊಂಡು ಇನ್ನೊಂದು ಗಾಡಿಯ ಹಿಂದೆ ಹೋಗುವ, ಸ್ವಂತ ಎಂಜಿನ್ ಇಲ್ಲದ ಗಾಡಿ.

ನಾನು ಪುಣೆಯಲ್ಲಿ ಓದುತ್ತಿರುವುದು ಕಾಕಾನ ಮನೆಯಲ್ಲಿದ್ದುಕೊಂಡು. ಕಾಕಾ ಗದಗಿನ ಕಡೆಯವನು. ಭೋಸರಿಯಲ್ಲಿ ಅವನದೊಂದು ವೆಲ್ಡಿಂಗ್ ಶೆಡ್ ಇದೆ. ಹದಿನೆಂಟನೆಯ ವಯಸ್ಸಿಗೆ ಅವನು ಪುಣೆಗೆ ಬಂದಿಳಿದಾಗ ಓಣಿಗೊಂದರಂತೆ 'ಭಂಗಾರ' ಎಂಬ ಬೋರ್ಡು ಕಂಡು, "ಅಬ್ಬಾ, ಈ ಊರಾಗ ಎಷ್ಟ್ ಬಂಗಾರದ ಅಂಗಡಿ!" ಎಂದು ಬೆರಗಾಗಿದ್ದನಂತೆ. ಒಳಗೆ ಇಣುಕಿ ನೋಡಿದರೆ ತುಕ್ಕು ಹಿಡಿದ ಕಬ್ಬಿಣ, ಒಡೆದ ಡಬ್ಬಿ. ಮರಾಠಿಯ ಭಂಗಾರ ನಮ್ಮ ಗುಜರಿ ಎಂದು ತಿಳಿದದ್ದು ಆಮೇಲೆ. "ಆದ್ರೂ ನಾ ಅಂದದ್ದೇನ್ ಸುಳ್ಳಾಗಲಿಲ್ಲ. ಅದರಾಗಿಂದನ ಹೊಟ್ಟಿ ತುಂಬಿತು" ಎಂದು ಈಗಲೂ ನಗುತ್ತಾನೆ.

2022ರ ದೀಪಾವಳಿ ಮುಗಿದ ಮೇಲೆ ಒಬ್ಬ ವೃದ್ಧ ಡಾಕ್ಟರು ಶೆಡ್ಡಿಗೆ ಬಂದರು. ಅವರ ಹತ್ತಿರ ಅವರ ತಂದೆ 1956ರಲ್ಲಿ ಕೊಂಡ ಫಿಯಾಟ್ 1100 ಇತ್ತು. ಮುಂದಿನ ಭಾಗ ಉಬ್ಬಿಕೊಂಡು ಹಂದಿಯ ಮೂತಿಯಂತೆ ಕಾಣುವುದರಿಂದ ಮರಾಠಿ ಮಂದಿ ಅದನ್ನು ಪ್ರೀತಿಯಿಂದ 'ಡುಕ್ಕರ್ ಫಿಯಾಟ್' ಎನ್ನುತ್ತಾರೆ. ಆ ಕಾಲದಲ್ಲಿ ಪ್ರೀಮಿಯರ್ ಕಂಪನಿಯವರು ಮುಂಬಯಿಯ ಕುರ್ಲಾದಲ್ಲಿ ಫಿಯಾಟ್ ಕಾರುಗಳನ್ನು ತಯಾರಿಸುತ್ತಿದ್ದರು. ಅದರ ವಂಶದ್ದೇ ಪದ್ಮಿನಿ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದುಡಿದು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾಯಿತು. ಮುಂಬಯಿಯಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆಗೆ ತಮ್ಮ ಡುಕ್ಕರನ್ನು ಒಯ್ಯಬೇಕು ಎಂಬುದು ಡಾಕ್ಟರ ಆಸೆ. ಆದರೆ ಓಡಿಸಿಕೊಂಡು ಹೋದರೆ ಖಂಡಾಳ ಘಾಟಿನಲ್ಲಿ ಆ ಮುದುಕನ ಬ್ರೇಕನ್ನು ನಂಬುವವರು ಯಾರು? ಹತ್ತುವಾಗ ನೀರು ಕುದಿಯುತ್ತದೆ, ಇಳಿಯುವಾಗ ಬ್ರೇಕ್ ಕಾಯುತ್ತದೆ. "ಇದನ್ನು ಹೊತ್ತೊಯ್ಯುವ ಟ್ರೇಲರ್ ಮಾಡಿಕೊಡು. ಕಾಗದಪತ್ರ, ನೋಂದಣಿ ಎಲ್ಲಾ ನನಗಿರಲಿ" ಎಂದರು.

ಕಾಕಾ ಅದುವರೆಗೆ ಮಾಡಿದ್ದು ಗೇಟು, ಗ್ರಿಲ್ಲು, ಕಾರ್ಖಾನೆಗಳ ಟ್ರಾಲಿ. ಆದರೂ ಒಪ್ಪಿಕೊಂಡ. ಮೊದಲು ಕಾರನ್ನು ಕಾಟಾದ ಮೇಲೆ ನಿಲ್ಲಿಸಿ ತೂಗಿಸಿದ: 860 ಕೆ.ಜಿ. ಆಮೇಲೆ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಿಂದ ಪೂರಾ ಟ್ರೇಲರನ್ನು ಅದರ ಅಳತೆಯಲ್ಲೇ ಬರೆದ. ಸಿ ಚಾನೆಲ್ಲಿನ ಚೌಕಟ್ಟು, ಮುಂದೆ 'ಎ' ಅಕ್ಷರದ ಆಕಾರದ ಮೂತಿ, ಅದರ ತುದಿಗೆ 50 ಮಿಲಿಮೀಟರಿನ ಗುಂಡನ್ನು ಕಚ್ಚಿ ಹಿಡಿಯುವ ಕೊಕ್ಕೆ. ಕೊಕ್ಕೆ ಬಿಟ್ಟುಕೊಂಡರೂ ಟ್ರೇಲರ್ ದಾರಿ ತಪ್ಪಬಾರದೆಂದು ಎರಡು ಸರಪಳಿ. ಅವನ್ನು ಮೂತಿಯ ಕೆಳಗೆ ಒಂದರ ಮೇಲೊಂದು ಅಡ್ಡಹಾಯುವಂತೆ ಕಟ್ಟಬೇಕು. ಮೂತಿ ಕಳಚಿದರೂ ನೆಲಕ್ಕೆ ತಿವಿಯದೆ ಆ ತೊಟ್ಟಿಲಿನಲ್ಲಿ ಬೀಳುತ್ತದೆ. ಬ್ರೇಕಿನ ಉಪಾಯ ನನಗೆ ಬಹಳ ಹಿಡಿಸಿತು. ಮುಂದಿನ ಗಾಡಿ ಬ್ರೇಕ್ ಹಾಕಿದರೆ ಹಿಂದಿನದು ತನ್ನ ಓಟದ ರಭಸಕ್ಕೆ ಅದನ್ನು ಒತ್ತುತ್ತದಷ್ಟೆ? ಆ ಒತ್ತಡಕ್ಕೆ ಮೂತಿಯೊಳಗಿನ ದಂಡ ಹಿಂದೆ ಸರಿದು ಟ್ರೇಲರಿನ ಬ್ರೇಕನ್ನು ತಾನೇ ಹಾಕುತ್ತದೆ. ಡ್ರೈವರ್ ಏನೂ ಮಾಡಬೇಕಾಗಿಲ್ಲ.

ಕಾರು ಹತ್ತುವ ಹಲಗೆಗಳನ್ನು ಮೊದಲು ಐದಡಿಗೆ ಕತ್ತರಿಸಿದ. ಏರು ಕಡಿದಾಗಿ ಕಾರಿನ ಹೊಟ್ಟೆ ಅಂಚಿಗೆ ತಾಗಿತು. ಅವನ್ನು ಮೂಲೆಗೆಸೆದು ಏಳಡಿಯವು ಮಾಡಿದ. ಮುಂದೆ ಒಂದು ಕೈ ವಿಂಚು, ಹಿಂದೆ ದೀಪಗಳು, ಪಕ್ಕದಲ್ಲಿ ಸ್ಟೆಪ್ನಿ, ಗಾಲಿಗಳನ್ನು ಬಿಗಿಯಲು ನಾಲ್ಕು ಬೆಲ್ಟು. "ಬಾಡಿಗೆ ಕಟ್ಟಬ್ಯಾಡ, ಗಾಲಿಗೆ ಕಟ್ಟು. ಕಾರು ತನ್ನ ಸ್ಪ್ರಿಂಗ್ ಮ್ಯಾಲೆ ಕುಣೀಲಿ, ಗಾಲಿ ಮಾತ್ರ ಅಲುಗಬಾರದು" ಎಂದ. ಹೊರಟು ಹತ್ತು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಬೆಲ್ಟ್ ಮತ್ತೆ ಬಿಗಿಯಬೇಕು, ಟ್ರೇಲರಿನ ಗಾಲಿಯ ನಡುವೆ ಅಂಗೈ ಇಟ್ಟು ನೋಡಬೇಕು. ಸುಟ್ಟರೆ ಬೇರಿಂಗ್ ಕೆಡುತ್ತಿದೆ ಎಂದರ್ಥ.

ಕಾಕಾ ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡದ್ದು ಅಚ್ಚು ಎಲ್ಲಿ ಬರಬೇಕು ಎಂಬುದಕ್ಕೆ.

"ಚಕ್ಕಡಿ ಹೇರೂದು ನೋಡೀಯಲ್ಲ ತಮ್ಮಾ? ಮುಂಭಾರ ಆದ್ರ ಎತ್ತಿನ ಹೆಗಲು ಕುಸೀತೈತಿ. ಹಿಂಭಾರ ಆದ್ರ ನೊಗ ಮ್ಯಾಲೆದ್ದು ಎತ್ತಿನ ಕೊರಳು ಬಿಗೀತೈತಿ. ಇದೂ ಚಕ್ಕಡೀನ."

ಲೆಕ್ಕ ಹೀಗೆ: ಟ್ರೇಲರು ಮತ್ತು ಕಾರು ಸೇರಿ ಎಷ್ಟು ತೂಕವೋ ಅದರ ಹತ್ತರಲ್ಲೊಂದು ಪಾಲಾದರೂ ಮೂತಿಯ ಮೇಲೆ, ಅಂದರೆ ಎಳೆಯುವ ಗಾಡಿಯ ಮೇಲೆ, ಬೀಳಬೇಕು. ಅದು ಕಡಿಮೆಯಾದರೆ ಹಿಂದಿನ ಗಾಡಿ ವೇಗದಲ್ಲಿ ಬಾಲ ಬಡಿಯಲು ಶುರುಮಾಡುತ್ತದೆ. ಟ್ರೇಲರ್ 430, ಕಾರು 860, ಒಟ್ಟು 1290. ಪಕ್ಕದ ಭಂಗಾರದ ಅಂಗಡಿಯಿಂದ ತೂಕದ ಯಂತ್ರ ತಂದು ಮೂತಿಯ ಕೆಳಗಿಟ್ಟು, ಕಾರನ್ನು ಇಂಚಿಂಚು ಮುಂದೆ ಹಿಂದೆ ಸರಿಸಿ, ಯಂತ್ರ 130 ತೋರಿಸಿದಾಗ ಕಾಕಾ ನಿಲ್ಲಿಸಿದ. ಮುಂದಿನ ಗಾಲಿಗಳು ನಿಂತ ಜಾಗದಲ್ಲಿ ಹಲಗೆಗೆ ಅಡ್ಡಲಾಗಿ ಕೆಂಪು ಬಣ್ಣದ ಗೆರೆ ಎಳೆದ.

"ಎಂಜಿನ್ ಇರೋದು ಮೂಗಿನ್ಯಾಗ. ಅದಕ ಯಾವಾಗ್ಲೂ ಮೂಗು ಮುಂದ. ಗಾಲಿ ಗೆರಿ ಮ್ಯಾಲೆ. ತಿಳೀತಿಲ್ಲೋ?"

"ತಿಳೀತು ಕಾಕಾ" ಎಂದೆ. ನನಗೆ ಎಲ್ಲವೂ ಬೇಗ ತಿಳಿದುಬಿಡುತ್ತದೆ. ನನ್ನ ರೋಗವೇ ಅದು.

ಡಿಸೆಂಬರಿನ ಒಂದು ಶನಿವಾರ ಡಾಕ್ಟರ ಬೊಲೆರೊ ಜೀಪಿಗೆ ಟ್ರೇಲರ್ ಕಟ್ಟಿ ಹಳೆಯ ಹೆದ್ದಾರಿ ಹಿಡಿದು ಹೊರಟೆವು. ಡಾಕ್ಟರ ಡ್ರೈವರು, ಕಾಕಾ, ನಾನು. ಘಾಟು ಇಳಿಯುವಾಗ ಕಾಕಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆಯೇ ನೋಡುತ್ತಿದ್ದ. ಟ್ರೇಲರ್ ಒಂದು ಸಲವೂ ತಿವಿಯಲಿಲ್ಲ, ಅಲುಗಲಿಲ್ಲ. ಖೋಪೋಲಿಯಲ್ಲಿ ಚಹಾ ಕುಡಿಯುವಾಗ ಅವನ ಮುಖ ನೋಡಬೇಕಿತ್ತು. ಮಗಳ ಮದುವೆ ಮುಗಿಸಿ ಕೂತ ತಂದೆಯ ಹಾಗಿದ್ದ. ಸೋಮವಾರ ಒಂದು ಕಾರ್ಖಾನೆಯ ಮಾಲು ಕೊಡುವುದಿತ್ತಾದ್ದರಿಂದ ಅಂದೇ ರಾತ್ರಿ ರೈಲಿಗೆ ಪುಣೆಗೆ ಮರಳಿದ. "ವಾಪಸ್ ತರೂದು ನಿಂದು ಜವಾಬ್ದಾರಿ" ಎಂದು ನನಗೆ ಹೇಳಿಹೋದ.

ಭಾನುವಾರ ಮೆರವಣಿಗೆ ಚೆನ್ನಾಗಿಯೇ ನಡೆಯಿತು. ಡಾಕ್ಟರು ಸಂಜೆ ತಮ್ಮ ನೆಂಟರ ಮನೆಗೆ ಹೋದರು. ಡುಕ್ಕರ್ ಮಾತ್ರ ಮುನಿಸಿಕೊಂಡಿತು. ಎಷ್ಟು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. ಗೋಡೆಗೆ ಮುಖ ಮಾಡಿ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ ನಿಂತಿತ್ತು. ಟ್ರೇಲರ್ ಬಂದು ನಿಂತದ್ದು ಅದರ ಬೆನ್ನಿಗೆ. ಕಾರನ್ನು ತಿರುಗಿಸಬೇಕೆಂದರೆ ಗಲ್ಲಿಯ ಆಚೆಯವರೆಗೆ ನೂಕಬೇಕು, ನಾಲ್ಕು ಜನ ಬೇಕು, ಅರ್ಧ ಗಂಟೆ ಬೇಕು. ಮರುದಿನ ನನಗೆ ಬೆಳಿಗ್ಗೆ ಎಂಟಕ್ಕೆ ಇಂಟರ್ನಲ್ ಪರೀಕ್ಷೆ.

"ಹೇಗೆ ಹತ್ತಿಸೋಣ?" ಎಂದು ಡ್ರೈವರ್ ಮಾಮಾ ಕೇಳಿದರು.

"ಹೀಗೇ ಎಳೆಯೋಣ. ಏನಾಗುತ್ತೆ?" ಎಂದೆ.

ವಿಂಚು ತಿರುಗಿಸಿ ಕಾರನ್ನು ಹಿಮ್ಮುಖವಾಗಿ ಎಳೆದುಕೊಂಡೆವು. ಡಿಕ್ಕಿಯ ಭಾಗ ಉದ್ದವಾದ್ದರಿಂದ ಹಿಂದಿನ ಬಂಪರು ವಿಂಚಿನ ಕಂಬಕ್ಕೆ ತಾಗಿತು. ಗಾಲಿಗಳು ಕೆಂಪು ಗೆರೆಗೆ ಇನ್ನೂ ಒಂದು ಅಡಿ ಇರುವಾಗಲೇ ನಿಲ್ಲಿಸಿದೆವು. ಬೆಲ್ಟುಗಳನ್ನು ಮಾತ್ರ ಬಹಳ ಶಿಸ್ತಿನಿಂದ ಬಿಗಿದೆ. ಜೀಪಿನ ಹಿಂಭಾಗ ಬರುವಾಗ ಕುಸಿದಷ್ಟು ಈಗ ಕುಸಿದಿರಲಿಲ್ಲ. ಅದನ್ನು ಕಂಡು 'ಜೀಪಿಗೆ ಹಗುರವಾಯಿತು' ಎಂದು ಸಂತೋಷಪಟ್ಟೆ. ನನ್ನ ಬುದ್ಧಿ ಅಷ್ಟು.

ಘಾಟು ಹತ್ತುವವರೆಗೆ ಏನೂ ಆಗಲಿಲ್ಲ, ಏಕೆಂದರೆ ವೇಗವೇ ಇರಲಿಲ್ಲ. ಲೋಣಾವಳ ದಾಟಿ ಕಾಮಶೇತ್ ಕಡೆಗಿನ ಇಳಿಜಾರಿನಲ್ಲಿ ಜೀಪು ಅರವತ್ತು ದಾಟಿತ್ತು. ಪಕ್ಕದಿಂದ ಒಂದು ಕಂಟೇನರ್ ಲಾರಿ ಬುರ್ರೆಂದು ಮುಂದೆ ಹೋಯಿತು. ಅದರ ಗಾಳಿ ಬಡಿದದ್ದೇ ತಡ, ಯಾರೋ ಹಿಂದಿನಿಂದ ಜೀಪಿನ ಸೊಂಟ ಹಿಡಿದು ಅಲುಗಾಡಿಸಿದಂತಾಯಿತು. ಕನ್ನಡಿಯಲ್ಲಿ ನೋಡಿದರೆ ಟ್ರೇಲರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಪ್ರತಿ ಸಲ ಮೊದಲಿಗಿಂತ ಜಾಸ್ತಿ. ನಾನು "ಬ್ರೇಕ್! ಬ್ರೇಕ್!" ಎಂದು ಕಿರುಚಿದೆ. ಪುಣ್ಯಕ್ಕೆ ಮಾಮಾ ನನ್ನ ಮಾತು ಕೇಳಲಿಲ್ಲ. ನೀರಿನ ಟ್ಯಾಂಕರ್ ಎಳೆದು ಹಳಬರಾದ ಅವರು ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೆಟ್ಟಗೆ ಹಿಡಿದು, ಕಲ್ಲಿನಂತೆ ಕೂತರು. ಅಲುಗಾಟ ಮೆಲ್ಲಗೆ ಇಳಿಯಿತು. ಕೊನೆಯ ಏಟಿಗೆ ಟ್ರೇಲರಿನ ಎಡ ಮಡ್ಗಾರ್ಡ್ ರಸ್ತೆಬದಿಯ ಕಲ್ಲಿಗೆ ಉಜ್ಜಿ ಮಡಚಿಕೊಂಡಿತು. ಕಾರಿಗೆ ಒಂದು ಗೀರೂ ಆಗಲಿಲ್ಲ. ಮಾಮಾ ಕೆಳಗಿಳಿದು ಬೀಡಿ ಹಚ್ಚಿದರು. ಕೈ ನಡುಗಿ ಮೂರು ಕಡ್ಡಿ ಆರಿದವು. ಅಲ್ಲಿಂದ ಪುಣೆಯವರೆಗೆ ಮೂವತ್ತರ ವೇಗದಲ್ಲಿ ಬಂದೆವು.

ಸೋಮವಾರ ಸಂಜೆ ಡಾಕ್ಟರು ಶೆಡ್ಡಿಗೆ ಬಂದರು. ಕೂಗಾಡಲಿಲ್ಲ. "ಗಾಡಿ ಸರಿಯಿಲ್ಲ. ನನ್ನ ಡ್ರೈವರನ ಜೀವ ಹೋಗುತ್ತಿತ್ತು. ಬಾಕಿ ಹಣ ಕೊಡುವುದಿಲ್ಲ. ಇದನ್ನು ಭಂಗಾರಕ್ಕೆ ಹಾಕುತ್ತೇನೆ" ಎಂದು ಹೇಳಿ ಹೊರಟುಹೋದರು. ಬಾಕಿ ಇದ್ದದ್ದು ನಲವತ್ತು ಸಾವಿರ. ಕಾಕಾ ಹಣದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. "ಎಲ್ಲಿ ತಪ್ಪಿದ್ನೋ?" ಎಂದಷ್ಟೇ ಅಂದ.

ನಾನು ಬಾಯಿ ಬಿಡಲಿಲ್ಲ.

ಅಂದು ರಾತ್ರಿ ಕಾಕಾ ಮೂತಿಯಿಂದ ಅಚ್ಚಿನ ಎರಡೂ ತುದಿಗೆ ದಾರ ಹಿಡಿದು ಅಳೆದ. ಎರಡೂ ಸಮ. ಗಾಲಿ ಬಿಚ್ಚಿ ಬೇರಿಂಗ್ ನೋಡಿದ, ಗ್ರೀಸು ಹೊಸದರಂತಿತ್ತು. ಟಾಯರಿನ ಗಾಳಿ ನೋಡಿದ. ನಾನು ಬ್ಯಾಟರಿ ಹಿಡಿದು ನಿಂತಿದ್ದೆ. ಕಾಕೂ ಊಟಕ್ಕೆ ಕರೆಕಳಿಸಿದರೆ "ಹಸಿವಿಲ್ಲ" ಎಂದ. ಎರಡನೆಯ ರಾತ್ರಿಯೂ ಹಾಗೇ. ಹನ್ನೊಂದರ ಸುಮಾರಿಗೆ ಎದ್ದು ಸೊಂಟ ನೀವಿಕೊಂಡು, "ಅಚ್ಚು ಹಾಕೂ ಜಾಗಾನ ತಪ್ಪೇತಿ ಕಾಣಸ್ತೈತಿ. ಕೊಯ್ದು ಹಿಂದ ಸರಿಸ್ತೀನಿ" ಎಂದು ಗ್ರೈಂಡರ್ ಕೈಗೆತ್ತಿಕೊಂಡ. ಅಷ್ಟು ಮುದ್ದಾಗಿ ಕೂರಿಸಿದ ವೆಲ್ಡಿಂಗು. ಅದರ ಮೇಲೆ ಚಕ್ರ ಇಟ್ಟು ಗುಂಡಿ ಒತ್ತುವುದರಲ್ಲಿದ್ದ.

"ಕಾಕಾ, ನಾ ಕಾರು ಉಲ್ಟಾ ಹೇರಿದ್ದೆ" ಎಂದೆ.

ಅವನು ಗ್ರೈಂಡರನ್ನು ನಿಧಾನವಾಗಿ ಕೆಳಗಿಟ್ಟ. ಬೈಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೂ ಒಪ್ಪುತ್ತಿದ್ದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ್ದು ಒಂದೇ ಮಾತು:

"ಎರಡು ರಾತ್ರಿ ಬ್ಯಾಟ್ರಿ ಹಿಡದು ನಿಂತಿದ್ದೆಲ್ಲೋ?"

ಇವತ್ತಿಗೂ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಮುನ್ನೂರು ಕಿಲೋಮೀಟರು ಹೊರೆ ಹೊತ್ತುಬಂದ ಗಾಡಿಗಿಂತ ಆ ಎರಡು ರಾತ್ರಿ ನಾನು ಹಿಡಿದಿದ್ದ ಬ್ಯಾಟರಿ ಭಾರವಾಗಿತ್ತು ಎಂದು ಬರೆದರೆ ಚೆಂದ ಕಾಣಬಹುದು. ಆದರೆ ನಿಜ ಹೇಳಬೇಕೆಂದರೆ, ಮೊದಲ ರಾತ್ರಿ ನನಗೆ ಸಮಾಧಾನವೇ ಆಗಿತ್ತು, ಯಾರಿಗೂ ಗೊತ್ತಾಗಲಿಲ್ಲ ಎಂದು.

ಮರುದಿನ ಟ್ರೇಲರನ್ನೂ ಭಂಗಾರದ ಅಂಗಡಿಯ ತೂಕದ ಯಂತ್ರವನ್ನೂ ತೆಗೆದುಕೊಂಡು ಡಾಕ್ಟರ ಬಂಗಲೆಗೆ ಹೋದೆವು. ದಾರಿಯಲ್ಲಿ ಕಾಕಾ, "ನೀನ ಹೇಳಬೇಕು. ನಾ ಹೇಳಂಗಿಲ್ಲ" ಎಂದಿದ್ದ. ಹೇಳಿದೆ. ನನ್ನ ಹರಕು ಮರಾಠಿ ಅವತ್ತು ಇನ್ನಷ್ಟು ಹರಿಯಿತು. ಕಾಕಾ ಕಾರನ್ನು ಸರಿಯಾಗಿ ಹೇರಿ ಮೂತಿಯನ್ನು ಯಂತ್ರದ ಮೇಲಿಟ್ಟ: 130. ಇಳಿಸಿ, ನಾನು ಹೇರಿದ್ದಂತೆಯೇ ಹಿಮ್ಮುಖವಾಗಿ, ಒಂದು ಅಡಿ ಹಿಂದಕ್ಕೆ ನಿಲ್ಲಿಸಿ ತೋರಿಸಿದ: 9. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಬಗ್ಗಿ ನೋಡಿದರು. ಡ್ರೈವರ್ ಮಾಮಾ, "ನಾನೂ ಬೇಡ ಎನ್ನಬಹುದಿತ್ತು" ಎಂದು ತಾವೂ ಒಂದು ಪಾಲು ಹೊತ್ತುಕೊಂಡರು. ಬಾಕಿ ಹಣ ಆ ವಾರವೇ ಬಂತು.

"ಮುಂದಿನ ಸಲ ಜೊತೆಗೆ ಯಾರು ಬರುತ್ತಾರೆ?" ಎಂದು ಡಾಕ್ಟರು ಕೇಳಿದರು. ಕಾಕಾ ನನ್ನ ಕಡೆ ಕೈ ಮಾಡಿ, "ಇವನೇ" ಎಂದ. ಡಾಕ್ಟರು ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಮಡ್ಗಾರ್ಡ್ ಬಡಿದು ಸರಿಮಾಡುವ ಕೆಲಸ ನನಗೆ ಬಿತ್ತು. ಅದು ಮುಗಿದ ದಿನ ಕಾಕಾ ಕೆಂಪು ಬಣ್ಣದ ಡಬ್ಬಿ ತಂದು, ಹಲಗೆಯ ಮೇಲಿನ ಹಳೆಯ ಗೆರೆಯ ಪಕ್ಕದಲ್ಲಿ ದಪ್ಪ ಅಕ್ಷರಗಳಲ್ಲಿ ಏನೋ ಬರೆದ. ಡ್ರೈವರ್ ಮಾಮಾ ಬಂದಾಗ ಅದನ್ನು ನೋಡಿ, "ಇದೇನು ಜಿಲೇಬಿ ಬರೆದಿದ್ದೀರಿ? ಇದನ್ನು ಯಾರು ಓದಬೇಕು?" ಎಂದು ನಕ್ಕರು.

'ಮೂಗು ಮುಂದ' ಎಂದು ಬರೆದಿತ್ತು. ಆ ಶೆಡ್ಡಿನಲ್ಲಿ ಕಾಕಾನನ್ನು ಬಿಟ್ಟರೆ ಅದನ್ನು ಓದಬಲ್ಲವನು ನಾನೊಬ್ಬನೇ.