ಚೆಂಡಿನೆದುರು ನಿಲ್ಲುವ ಸೊಗಸು

ಗಾಲ್ಫ್ ನೋಡಲು ಹೋದರೆ ನನ್ನ ಕಣ್ಣು ಹಾರುವ ಚೆಂಡಿಗಿಂತ ಹೊಡೆಯುವವರ ಪಾದಗಳ ಮೇಲೇ ಹೆಚ್ಚು. ಕ್ರಿಕೆಟ್ಟಿನಲ್ಲಿ ಬೌಲರ್ ಎಸೆದ ಚೆಂಡಿಗೆ ತಕ್ಕಂತೆ ಕಾಲು ಸರಿಯಬೇಕು. ಇಲ್ಲಿ ಚೆಂಡು ಹುಲ್ಲಿನ ಮೇಲೆ ಸುಮ್ಮನೆ ಕೂತಿರುತ್ತದೆ. ಎಲ್ಲಿ ನಿಲ್ಲಬೇಕು, ಹೇಗೆ ನಿಲ್ಲಬೇಕು ಎಂಬುದೆಲ್ಲ ಆಡುವವರಿಗೇ ಬಿಟ್ಟದ್ದು. ಈ ಆಟದ ಅರ್ಧ ರುಚಿ ಇರುವುದು ಆ ನಿಲುವಿನಲ್ಲೇ.

ಬೆಂಗಳೂರಿನ ಸ್ಯಾಂಕಿ ರಸ್ತೆಯ ಪಕ್ಕದಲ್ಲಿ, 1876ರಲ್ಲಿ ಶುರುವಾದ ಗಾಲ್ಫ್ ಕ್ಲಬ್ಬಿನ ಹಸಿರಿದೆ. ಅಂಥ ಜಾಗದಲ್ಲಿ ಪಳಗಿದ ಆಟಗಾರರೊಬ್ಬರನ್ನು ಗಮನಿಸಿ. ಮೊದಲು ಚೆಂಡಿನ ಹಿಂದೆ ನಿಂತು ಗುರಿ ನೋಡುತ್ತಾರೆ. ಆಮೇಲೆ ಹೊಡೆಯುವ ಕೋಲಿನ, ಅಂದರೆ ಕ್ಲಬ್ಬಿನ, ಮುಖವನ್ನು ಗುರಿಯತ್ತ ಇಟ್ಟು, ಅದಕ್ಕೆ ಹೊಂದುವಂತೆ ಪಾದ ಊರುತ್ತಾರೆ. ಪಾದಗಳ ನಡುವೆ ಸುಮಾರು ಭುಜದಗಲ ಅಂತರ. ದೂರ ಹೊಡೆಯುವ ಉದ್ದ ಕ್ಲಬ್ಬಾದ ಡ್ರೈವರ್ ಹಿಡಿದರೆ ಕೊಂಚ ಹೆಚ್ಚು, ಹತ್ತಿರದ ಹೊಡೆತಕ್ಕೆ ಬಳಸುವ ಗಿಡ್ಡ ಕ್ಲಬ್ಬಾದ ವೆಡ್ಜ್ ಹಿಡಿದರೆ ಕೊಂಚ ಕಡಿಮೆ. ಮಂಡಿ ತುಸು ಸಡಿಲ. ಬಾಗುವುದು ಮಾತ್ರ, ಅಂಗಳದಲ್ಲಿ ರಂಗೋಲಿ ಎಳೆಯುವವರಂತೆ, ಸೊಂಟದ ಕೀಲಿನಿಂದ. ಬೆನ್ನು ಗೂನಾಗಬಾರದು. ಆಗ ತೋಳುಗಳು ತಾವಾಗಿಯೇ ಇಳಿಬೀಳುತ್ತವೆ. ಬಲಗೈಯವರಿಗೆ ಹಿಡಿಯಲ್ಲಿ ಬಲಗೈ ಕೆಳಗಿರುವುದರಿಂದ ಬಲಭುಜವೂ ಸ್ವಲ್ಪ ತಗ್ಗುತ್ತದೆ.

ಇನ್ನು ಚೆಂಡಿನ ಜಾಗ. ನನಗೆ ಅತಿ ಇಷ್ಟವಾದ ಸೂಕ್ಷ್ಮ ಇದು. ಬಲಗೈ ಆಟಗಾರರು ಡ್ರೈವರಿಗೆ ಚೆಂಡನ್ನು ಟೀ ಎಂಬ ಪುಟ್ಟ ಗೂಟದ ಮೇಲೆ, ಎಡ ಹಿಮ್ಮಡಿಯ ನೇರಕ್ಕೆ ಇಡುತ್ತಾರೆ. ಬೀಸಿದ ಕ್ಲಬ್ ತನ್ನ ತಗ್ಗಿನ ಬಿಂದುವನ್ನು ದಾಟಿ ಮೇಲೇಳುವಾಗ ಚೆಂಡಿಗೆ ತಗಲಲಿ ಎಂದು. ವೆಡ್ಜ್ ಮತ್ತು ಗಿಡ್ಡ ಐರನ್‌ಗಳಿಗೆ ಚೆಂಡು ಪಾದಗಳ ನಡುಮಧ್ಯಕ್ಕೆ ಬರುತ್ತದೆ. ಕ್ಲಬ್ ಇಳಿಯುತ್ತಲೇ ಮೊದಲು ಚೆಂಡಿಗೆ, ಆಮೇಲೆ ನೆಲಕ್ಕೆ ತಾಗಬೇಕು. ಒಳ್ಳೆಯ ಹೊಡೆತವಾದರೆ ಹುಲ್ಲಿನ ಹೆಂಟೆ ಕಿತ್ತುಬರುವುದು ಚೆಂಡಿದ್ದ ಜಾಗಕ್ಕಿಂತ ಮುಂದೆ. ಎರಡೇ ಬೆರಳಿನಷ್ಟು ಹಿಂದುಮುಂದಾದರೂ ಹೊಡೆತದ ಸ್ವಭಾವವೇ ಬೇರೆ.

ಹೆಸರಾಂತ ಗಾಲ್ಫ್ ಆಟಗಾರ ಬೆನ್ ಹೋಗನ್ 1957ರ ತಮ್ಮ ಪುಸ್ತಕದಲ್ಲಿ ಬಲಪಾದವನ್ನು ಗುರಿಯ ಗೆರೆಗೆ ಲಂಬವಾಗಿಟ್ಟು, ಎಡಪಾದವನ್ನು ತುಸು ಹೊರಕ್ಕೆ ತಿರುಗಿಸಲು ಹೇಳಿದರು. ಇನ್ನೊಬ್ಬ ದಿಗ್ಗಜ ಜಾಕ್ ನಿಕ್ಲಾಸ್ ಹೆಚ್ಚಿನ ಹೊಡೆತಗಳಿಗೆ ಚೆಂಡನ್ನು ಎಡ ಹಿಮ್ಮಡಿಯ ನೇರಕ್ಕೇ ಇಟ್ಟುಕೊಂಡು, ಬಲಪಾದವನ್ನು ಸರಿಸಿ ಅಗಲ ಹೊಂದಿಸುತ್ತಿದ್ದರು. ಅವರವರ ಮೈಕಟ್ಟಿಗೆ ಒಗ್ಗಿದ ನಿಲುವು ಅವರವರದು.

ನಿಲುವಿನ ಸೊಗಸಿಗೆ ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರನ್ನೂ ನೋಡಬೇಕು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಆಡಿದಾಗ ಕ್ಲಬ್ಬುಗಳ ಚೀಲ ಹೊತ್ತು ಜೊತೆ ನಡೆಯುವ ಕ್ಯಾಡಿ ತಾಯಿಯೇ. ಆಕೆ ತೀರ ದೂರ ಹೊಡೆಯುವವರಲ್ಲ. ಆದರೂ ಕುಳಿಯ ಸುತ್ತಲಿನ ನುಣುಪು ಹುಲ್ಲಾದ ಗ್ರೀನ್ ಮೇಲೆ, ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಹಿಡಿದು ನಿಂತರೆ ನೋಡಲು ಕಣ್ಣು ಸಾಲದು. ಆ ಒಲಿಂಪಿಕ್ಸಿನಲ್ಲಿ ಒಂದೇ ಹೊಡೆತದ ಅಂತರದಲ್ಲಿ ಕಂಚು ತಪ್ಪಿ ನಾಲ್ಕನೆಯವರಾದರು.

ತೋಳಿನ ಬಲ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಕ್ಕುವುದಿಲ್ಲ. ಆದರೆ ನೆಟ್ಟಗೆ ನಿಲ್ಲಲು ಬೇಕಾದ ಗಮನ ಹತ್ತು ವರ್ಷದ ಹುಡುಗಿಗೂ ಎಪ್ಪತ್ತರ ಅಜ್ಜನಿಗೂ ಎಟುಕುವಂಥದ್ದು. ಅದಕ್ಕೇ, ಕಲಿಯಲು ಬಂದವರ ಕೈಗೆ ಕ್ಲಬ್ ಕೊಟ್ಟ ಕೂಡಲೇ ಜೋರಾಗಿ ಬೀಸು ಎನ್ನುವ ಬದಲು, ನಿಲ್ಲುವುದನ್ನು ನಿಧಾನವಾಗಿ, ಪ್ರೀತಿಯಿಂದ ಕಲಿಸಬೇಕು.