ಹೇಳಿಕೊಳ್ಳಲಾಗದ ತುರಿಕೆ

ಕೆಲವು ಕಾಯಿಲೆಗಳನ್ನು ನಾವು ಹೆಂಗಸರು ನೆರೆಮನೆಯವರಿಗಿರಲಿ, ಕಟ್ಟಿಕೊಂಡ ಗಂಡನಿಗೂ ಹೇಳುವುದಿಲ್ಲ. ನಾನೂ ಹಾಗೇ ಮಾಡಿದೆ. ಅದರಿಂದ ಪಟ್ಟ ಪಾಡನ್ನು ಸಂಕೋಚ ಬಿಟ್ಟು ಬರೆಯುತ್ತಿದ್ದೇನೆ.

2022ರ ಮಳೆಗಾಲದಲ್ಲಿ ನನಗೆ ಗುಪ್ತಾಂಗದಲ್ಲಿ ತುರಿಕೆ ಶುರುವಾಯಿತು. ತೊಡೆಸಂದಿನಲ್ಲಿ, ಎದೆಯ ಕೆಳಗೆ ಬೆವರು ನಿಲ್ಲುವ ಕಡೆ ಕೆಂಪಗಾಗಿ ಉರಿ. ಬಟ್ಟೆ ಸರಿಯಾಗಿ ಒಣಗದೆ ಹೀಗಾಗಿರಬೇಕು ಅಂದುಕೊಂಡೆ. ಬೇವಿನಸೊಪ್ಪು ಕುದಿಸಿದ ನೀರು ಹಾಕಿಕೊಂಡೆ, ಕೊಬ್ಬರಿ ಎಣ್ಣೆ ಹಚ್ಚಿದೆ. ಕೊನೆಗೆ ಹುಳುಕಡ್ಡಿಗೆ ಅಂತ ಸುಳ್ಳು ಹೇಳಿ ಮೆಡಿಕಲ್ ಶಾಪಿನಿಂದ ಒಂದು ಮುಲಾಮು ತರಿಸಿದೆ. ನಾಲ್ಕು ದಿನ ಹಾಯೆನಿಸಿತು, ಆಮೇಲೆ ಇಮ್ಮಡಿಯಾಯಿತು. ರಾತ್ರಿ "ಯಾಕೆ ಹೀಗೆ ಹೊರಳಾಡ್ತೀಯ?" ಅಂತ ನಮ್ಮವರು ಕೇಳಿದರೆ "ಸೊಳ್ಳೆ ಕಣ್ರೀ" ಅನ್ನುತ್ತಿದ್ದೆ. ಹೀಗೇ ಐದು ತಿಂಗಳು!

ತೌರಿಗೆ ಹೋದಾಗ ಅಕ್ಕನಿಗೆ ಗೊತ್ತಾಯಿತು. ಬೈದು, ಲೇಡಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ನೋಡಿ, "ಇದು ಫಂಗಸ್ ಸೋಂಕು. ಶುಗರ್ ಯಾವಾಗ ನೋಡಿಸಿದ್ದಿರಮ್ಮಾ?" ಅಂದರು. ನಾನು ಯಾವತ್ತೂ ನೋಡಿಸಿರಲಿಲ್ಲ. ಮರುದಿನ ಖಾಲಿಹೊಟ್ಟೆಯಲ್ಲಿ ನೋಡಿದರೆ 212! ನೂರರ ಒಳಗಿರಬೇಕಾದದ್ದು, 126 ಮುಟ್ಟಿದರೇ ಸಕ್ಕರೆ ಕಾಯಿಲೆಯ ಲೆಕ್ಕವಂತೆ.

ಡಾಕ್ಟರು ಹೇಳಿದ್ದು ನನ್ನ ಅಡಿಗೆಮನೆಯ ಬುದ್ಧಿಗೂ ಅರ್ಥವಾಯಿತು. ಮಳೆಗಾಲದಲ್ಲಿ ಹೂರಣವನ್ನು ಹೊರಗಿಟ್ಟರೆ ಬೂಷ್ಟು ಬರುವುದಿಲ್ಲವೇ? ತೇವ, ಬೆಚ್ಚಗೆ, ಸಿಹಿ, ಮೂರೂ ಸಿಕ್ಕರೆ ಅದಕ್ಕೆ ಹಬ್ಬ. ಕ್ಯಾಂಡಿಡಾ ಎಂಬ ಫಂಗಸ್ಸು ಬಹಳ ಜನರ ಮೈಯಲ್ಲಿ ತೊಂದರೆ ಕೊಡದೆ ಇದ್ದೇ ಇರುತ್ತದೆ. ಸಕ್ಕರೆ ಏರಿ ಮೂತ್ರದಲ್ಲೂ ಹೋಗತೊಡಗಿದರೆ ಅದು ಹುಲುಸಾಗಿ ಬೆಳೆಯುತ್ತದೆ. ಸೋಂಕಿನೊಡನೆ ಹೋರಾಡಬೇಕಾದ ಬಿಳಿ ರಕ್ತಕಣಗಳೂ ಆಗ ಮಂದವಾಗುತ್ತವೆ. ನಾನು ಹಚ್ಚಿದ ಮುಲಾಮಿನಲ್ಲಿ ಸ್ಟಿರಾಯ್ಡ್ ಬೆರೆತಿತ್ತು. ಅದು ತುರಿಕೆಯನ್ನು ಅಡಗಿಸಿ ಫಂಗಸ್ಸನ್ನು ಬೆಳೆಸಿತ್ತು.

ಸೋಂಕಿಗೆ ಔಷಧಿ, ಸಕ್ಕರೆಗೆ ಮಾತ್ರೆ, ಊಟದಲ್ಲಿ ಪಥ್ಯ ಶುರುವಾಯಿತು. ಎರಡು ವಾರದಲ್ಲಿ ತುರಿಕೆ ನಿಂತಿತು.

ಇಷ್ಟಾದರೂ ಬುದ್ಧಿ ಪೂರ್ತಿ ಬಂದಿರಲಿಲ್ಲ. ಮರುವರ್ಷ ಮನೆಮಂದಿಗೆಲ್ಲ ವೈರಲ್ ಜ್ವರ. ಮಕ್ಕಳು ನಾಲ್ಕು ದಿನಕ್ಕೆ ಎದ್ದರು, ನಾನು ಮಲಗಿಬಿಟ್ಟೆ. ಊಟವೇ ಸೇರದಿರುವಾಗ ಮಾತ್ರೆ ಯಾಕೆ ಅಂತ ಬಿಟ್ಟಿದ್ದೆ. ನೋಡಿಸಿದರೆ ಸಕ್ಕರೆ 340! ಜ್ವರ ಬಂದಾಗ ದೇಹ ಹೊರಬಿಡುವ ಹಾರ್ಮೋನುಗಳು, ನಾವು ತಿನ್ನದಿದ್ದರೂ ಸಕ್ಕರೆಯನ್ನು ಏರಿಸುತ್ತವಂತೆ. ಕೆಲವು ಮಾತ್ರೆಗಳನ್ನು ಜ್ವರ, ವಾಂತಿಯಲ್ಲಿ ನಿಲ್ಲಿಸಬೇಕಾಗಬಹುದು, ಆದರೆ ಯಾವುದು ಅನ್ನುವುದನ್ನು ಡಾಕ್ಟರೇ ಹೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಂತೂ ತಾವಾಗಿ ಬಿಡಲೇಬಾರದು. ನೀರು ಚೆನ್ನಾಗಿ ಕುಡಿಯಬೇಕು, ಸಕ್ಕರೆಯನ್ನು ಮತ್ತೆ ಮತ್ತೆ ನೋಡಬೇಕು. ವಾಂತಿ ನಿಲ್ಲದಿದ್ದರೆ, ಏದುಸಿರು ಬಂದರೆ ಆಸ್ಪತ್ರೆಗೆ ಹೊರಡಬೇಕು.

2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಕಪ್ಪು ಫಂಗಸ್ ಎಂದು ನಾವೆಲ್ಲ ಹೆದರಿದ್ದೆವಲ್ಲ, ಅದೂ ಹೆಚ್ಚಾಗಿ ಹಿಡಿದದ್ದು ಸಕ್ಕರೆ ಹತೋಟಿಯಲ್ಲಿಲ್ಲದವರನ್ನು, ಸ್ಟಿರಾಯ್ಡ್ ಪಡೆದವರನ್ನು.

ಈಗ ಸ್ನಾನವಾದ ಮೇಲೆ ಮೈಯ ಸಂದುಗಳನ್ನೂ ಕಾಲ್ಬೆರಳ ಸಂದುಗಳನ್ನೂ ಒರೆಸಿ ಒಣಗಿಸುತ್ತೇನೆ. ಒಳಉಡುಪನ್ನು ಸೀರೆಯ ಮರೆಯಲ್ಲಿ ಹರವುವ ಅಭ್ಯಾಸ ಬಿಟ್ಟಿದ್ದೇನೆ; ಅದಕ್ಕೂ ಬಿಸಿಲು ತಾಗಲಿ.

ಮೊನ್ನೆ ಪಕ್ಕದ ಮನೆಯವರು ಪಿಸುಮಾತಿನಲ್ಲಿ, "ನಂಗೂ ಹಾಗೇ ಆಗಿದೆ ಕಣ್ರೀ" ಅಂದರು. ಅವತ್ತೇ ಕರೆದುಕೊಂಡು ಹೋದೆ. ಅವರಿಗೆ ಸಕ್ಕರೆ ಇರಲಿಲ್ಲ, ಒಂದು ವಾರದ ಔಷಧಿಯಲ್ಲೇ ವಾಸಿಯಾಯಿತು. ನೋಡಿ, ತುರಿಕೆಯೆಲ್ಲ ಸಕ್ಕರೆಯಲ್ಲ. ಆದರೆ ಬಾಯಿಬಿಟ್ಟು ಹೇಳಿ ಪರೀಕ್ಷೆ ಮಾಡಿಸದೆ ಗೊತ್ತಾಗುವುದಾದರೂ ಹೇಗೆ?