ತಾನಾಗಿ ಏಳುವ ಸೂಜಿ

ನಮ್ಮ ಚಾಚಾಗೆ ಈಗ 79 ವರ್ಷ. ಕೈ ನಡುಗುತ್ತದೆ. ರೆಕಾರ್ಡಿನ ಮೇಲೆ ಸೂಜಿ ಇಳಿಸುವುದು ಅವರಿಂದಾಗದ ಕೆಲಸ. ಹಾಗಾಗಿ ಅವರು ಕೇಳಿದ್ದು ತಮ್ಮ ಯೌವನದ ಇಂಗ್ಲೆಂಡ್ ತಯಾರಿಕೆಯ ಆಟೋಮ್ಯಾಟಿಕ್ ರೆಕಾರ್ಡ್ ಪ್ಲೇಯರನ್ನು. ಗುಂಡಿ ತಿರುಗಿಸಿದರೆ ಸಾಕು, ಅದರ ತೋಳು ತಾನಾಗಿ ಎದ್ದು ರೆಕಾರ್ಡಿನ ಅಂಚಿಗೆ ಇಳಿಯುತ್ತದೆ. ಹಾಡು ಮುಗಿದ ಮೇಲೆ ತಾನಾಗಿ ಏಳುತ್ತದೆ.

“ಮೊಬೈಲಿನಲ್ಲಿ ಎಲ್ಲಾ ಹಾಡೂ ಇದೆಯಲ್ಲ, ದಾದಾ” ಎಂದರು ಮಕ್ಕಳು.

“ಅದನ್ನು ಹಾಕಿಕೊಡಲು ನಿಮ್ಮನ್ನೇ ಕರೆಯಬೇಕಲ್ಲ, ಬೇಟಾ” ಎಂದರು ಚಾಚಾ.

ಆ ಮಾತು ನಮ್ಮನ್ನು ತಾಗಿತು. ಪ್ಲೇಯರನ್ನು ಅಟ್ಟದಿಂದ ಇಳಿಸಿದೆವು. ಸಾಗಾಟಕ್ಕೆಂದು ಬಿಗಿದಿದ್ದ ಎರಡು ಸ್ಕ್ರೂಗಳನ್ನು ಸಡಿಲಿಸಿದೆವು. ಯಂತ್ರ ತನ್ನ ಸ್ಪ್ರಿಂಗುಗಳ ಮೇಲೆ ತೇಲುವಂತಿರಬೇಕು. ಗಾರೆಯವರ ರಸಮಟ್ಟ ಇಟ್ಟು ಸಮ ಮಾಡಿದೆವು. ಇಂಗ್ಲೆಂಡಿನಲ್ಲೂ ನಮ್ಮಲ್ಲೂ ವಿದ್ಯುತ್ತು 50 ಹರ್ಟ್ಸ್. 60 ಹರ್ಟ್ಸಿನ ಅಮೆರಿಕದ ಯಂತ್ರವಾಗಿದ್ದರೆ ನಿಮಿಷಕ್ಕೆ 33⅓ ಸುತ್ತಬೇಕಾದ ರೆಕಾರ್ಡು 28ರ ಆಸುಪಾಸಿನಲ್ಲಿ ಸುತ್ತಿ ಶ್ರುತಿಯೇ ಇಳಿಯುತ್ತಿತ್ತು.

ಹಾಡು ಬಂತು. ಆದರೆ ಮುಗಿದ ಮೇಲೆ ತೋಳು ಏಳಲಿಲ್ಲ. ಸೂಜಿ ಕೊನೆಯ ಗೀರಿನಲ್ಲೇ ಕರಕರ ಸುತ್ತುತ್ತಿತ್ತು. ಪೇಟೆಯ ರಿಪೇರಿಯವರೊಬ್ಬರು “ಗೇರು ಹೋಗಿದೆ, ಗುಜರಿಗೆ ಹಾಕಿ” ಎಂದರು.

ತಟ್ಟೆ ಎತ್ತಿ ನೋಡಿದೆವು. ಅಡಿಯಲ್ಲೊಂದು ಪುಟ್ಟ ಹಗುರವಾದ ಲಿವರು. ಹಾಡು ನಡೆಯುವಾಗ ತೋಳು ನಿಧಾನವಾಗಿ ಒಳಸರಿಯುತ್ತಾ ಲಿವರನ್ನು ಸ್ವಲ್ಪಸ್ವಲ್ಪವೇ ದೂಡುತ್ತದೆ. ತಟ್ಟೆ ಪ್ರತಿ ಸುತ್ತಿಗೂ ಅದನ್ನು ಹಿಂದೆ ತಳ್ಳುತ್ತದೆ. ಕೊನೆಯಲ್ಲಿ ಗೀರುಗಳ ಅಂತರ ಹೆಚ್ಚಿ ತೋಳು ರಭಸದಿಂದ ಒಳನುಗ್ಗಿದಾಗ ಲಿವರು ಸಿಕ್ಕಿಕೊಂಡು ಗೇರನ್ನು ಎಬ್ಬಿಸಬೇಕು. ಗೇರು ಸರಿಯಾಗಿಯೇ ಇತ್ತು. ವರ್ಷಾನುಗಟ್ಟಲೆ ಸುಮ್ಮನಿದ್ದು ಹಳೆಯ ಗ್ರೀಸು ಅಂಟಾಗಿ ಲಿವರನ್ನು ಹಿಡಿದುಕೊಂಡಿತ್ತು.

ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಲಿವರನ್ನು ಒಣದಾಗಿಯೇ ಬಿಟ್ಟೆವು. ಅಲ್ಲಿ ಎಣ್ಣೆ ಕೂಡದು. ತಟ್ಟೆ ತಿರುಗಿಸುವ ರಬ್ಬರ್ ಚಕ್ರಕ್ಕೂ ಎಣ್ಣೆ ತಾಗಿಸಲಿಲ್ಲ, ತಾಗಿದರೆ ಅದು ಜಾರುತ್ತದೆ. ಗೇರಿಗಷ್ಟೇ ಹೊಸ ಗ್ರೀಸು.

ಚಾಚಾ ಮೊದಲು ಹಾಕಿದ್ದು 1977ರ ‘ಸನಾದಿ ಅಪ್ಪಣ್ಣ’. ಅದರಲ್ಲಿ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಹಾಡು ಮುಗಿಯಿತು, ತೋಳು ತಾನಾಗಿ ಎದ್ದಿತು. ಚಾಚಾ ನಮ್ಮ ಕಡೆ ನೋಡಲೂ ಇಲ್ಲ, ಮಗ್ಗುಲು ತಿರುಗಿಸಿ ಹಾಕಿಕೊಂಡರು.

ಹಿರಿಯರಿಗೆ ನೀರು, ಮಾತ್ರೆ, ಹಾಡು ಎಲ್ಲವನ್ನೂ ನಾವೇ ಕೈಗೆ ಕೊಟ್ಟು ಸೇವೆ ಮಾಡಿದೆವೆಂದು ಸಮಾಧಾನಪಡುತ್ತೇವೆ. ತಮ್ಮ ಹಾಡನ್ನು ತಾವೇ ಹಾಕಿಕೊಳ್ಳುವ ಸ್ವಾತಂತ್ರ್ಯವನ್ನು ಅವರಿಗೆ ಉಳಿಸಿಕೊಡುವುದೂ ಸೇವೆಯೇ. ಯಂತ್ರವಾಗಲಿ, ಮನುಷ್ಯರಾಗಲಿ, ಸುಮ್ಮನೆ ಕೂತು ಬಿಗಿದುಕೊಂಡದ್ದನ್ನೆಲ್ಲ ಕೆಟ್ಟುಹೋಯಿತೆಂದು ಬರೆದುಬಿಡುವ ಮೊದಲು ಒಮ್ಮೆ ತಟ್ಟೆ ಎತ್ತಿ ನೋಡಬೇಕು.